ಮೂರು ಜೀವ, ಒಂದು ಜಲಪಾತ

ಕೊಪ್ಪಳ ಇನ್ನೂ ರಾಯಚೂರು ಜಿಲ್ಲೆಗೆ ಸೇರಿದ್ದ ಕಾಲ. ಹಿಟ್ನಾಳದ ನಮ್ಮ ಓಣಿಯ ಕಿರಾಣಿ ಅಂಗಡಿಯ ಹಿಂದೆ ಒಂದು ಖೋಲಿ ಇತ್ತು. ಅದರೊಳಗೆ ಒಂದು ಕಪ್ಪು-ಬಿಳುಪು ಟಿ.ವಿ., ಅದಕ್ಕೆ ಸಿಕ್ಕಿಸಿದ ಒಂದು ಬಿಳಿ ಡಬ್ಬಿ, ಎರಡು ರಿಮೋಟು. ಗಂಟೆಗೆ ಐದು ರೂಪಾಯಿ. ನಾನೂ ದೊಡ್ಡಪ್ಪನ ಮಗ ಅಣ್ಣನೂ ಎರಡೂವರೆ ಎರಡೂವರೆ ಹಾಕಿ ಕೂಡುತ್ತಿದ್ದೆವು. ಕ್ಯಾಸೆಟ್ ಹತ್ತದಿದ್ದರೆ ತೆಗೆದು, ಅದರ ಬಾಯಿಗೆ ಊದಿ, ಮತ್ತೆ ಹಾಕುವುದು. ಆಟದ ಹೆಸರು ‘ಕಾಂಟ್ರಾ’. ಮೂರು ಜೀವ. ಒಂದು ಗುಂಡು ತಾಗಿದರೆ ಒಂದು ಜೀವ ಹೋಯಿತು.

ಆ ಆಟವನ್ನು ಹೊಸದಾಗಿ ಕಟ್ಟಿದ ‘ಕಾಂಟ್ರಾ: ಆಪರೇಷನ್ ಗಲೂಗಾ’ 2024ರ ಮಾರ್ಚ್‌ನಲ್ಲಿ ಬಂತು. ಕೊನಾಮಿ ಕಂಪನಿಗಾಗಿ ಅದನ್ನು ಮಾಡಿದವರು ಅಮೆರಿಕದ ವೇಫಾರ್ವರ್ಡ್ ತಂಡದವರು. ಬೆಂಗಳೂರಿನ ಬಾಡಿಗೆ ಮನೆಯಲ್ಲಿ ಒಂದೇ ಏಟಿಗೆ ಸಾಯುವ ಹಳೆಯ ಪದ್ಧತಿಯನ್ನೇ ಆರಿಸಿಕೊಂಡು ಆಡಲು ಕೂತೆ. ಮೊದಲ ರಾತ್ರಿ ಮೊದಲ ಹಂತವೇ ದಾಟಲಿಲ್ಲ. ಸೋತ ಸಿಟ್ಟಿಗೆ, ಚಿಕ್ಕಂದಿನಲ್ಲಿ ನಾವು ಆಡಿದ್ದು ನಿಜಕ್ಕೂ ಏನು ಎಂದು ಹುಡುಕಲು ಶುರುಮಾಡಿದೆ.

ಕಾಂಟ್ರಾ ಮೊದಲು ಬಂದದ್ದು 1987ರಲ್ಲಿ, ನಾಣ್ಯ ಹಾಕಿ ಆಡುವ ಆರ್ಕೇಡ್ ಯಂತ್ರವಾಗಿ. ಮರುವರ್ಷ ಅದು ಮನೆಯ ಟಿ.ವಿ.ಗೆ ಇಳಿಯಿತು. ನಿಂಟೆಂಡೊ ಕಂಪನಿ 1983ರ ಜುಲೈನಲ್ಲಿ ಜಪಾನಿನಲ್ಲಿ ಬಿಟ್ಟಿದ್ದ ಫ್ಯಾಮಿಕಾಂ ಮತ್ತು ಅದರ ಅಮೆರಿಕದ ರೂಪವಾದ ಎನ್‌ಇಎಸ್ ಯಂತ್ರಗಳಿಗೆ ಬೇರೆ ಬೇರೆ ಕ್ಯಾಸೆಟ್ಟುಗಳು ಬಂದವು. ನಾಣ್ಯದ ಯಂತ್ರಕ್ಕೆ ಒಂದು ಲೆಕ್ಕಾಚಾರವಿದೆ: ಹುಡುಗ ಬೇಗ ಸತ್ತರೆ ಇನ್ನೊಂದು ನಾಣ್ಯ ಬೀಳುತ್ತದೆ. ಮನೆಯ ಕ್ಯಾಸೆಟ್ಟಿಗೆ ಬೇರೊಂದು ಲೆಕ್ಕ. ಅಮೆರಿಕದ ಕ್ಯಾಸೆಟ್ಟಿನಲ್ಲಿ ಇಡೀ ಕಾಂಟ್ರಾ 128 ಕಿಲೋಬೈಟ್ ಮಾತ್ರ, ಇಂದು ಮೊಬೈಲಿನಲ್ಲಿ ತೆಗೆಯುವ ಒಂದು ಫೋಟೊಗಿಂತ ಚಿಕ್ಕದು. ಎಂಟು ಹಂತಗಳನ್ನು ಬಲ್ಲವನು ಅರ್ಧ ಗಂಟೆಯೊಳಗೆ ಮುಗಿಸಿಬಿಡುತ್ತಾನೆ. ಅಷ್ಟು ಸಣ್ಣ ಆಟ ತಿಂಗಳುಗಟ್ಟಲೆ ಬಾಳಬೇಕಾದರೆ ಕಷ್ಟವಾಗಿರಲೇಬೇಕು. ಅದರ ಕಾಠಿಣ್ಯ ಶೌರ್ಯದ ಪರೀಕ್ಷೆಗಿಂತ ಹೆಚ್ಚಾಗಿ ವ್ಯಾಪಾರದ ಮತ್ತು ಜಾಗದ ಅಭಾವದ ಮಗು.

ಹಾಗಾದರೆ ನಮ್ಮ ಖೋಲಿಯ ಬಿಳಿ ಡಬ್ಬಿ? ಅದು ನಿಂಟೆಂಡೊ ಆಗಿರಲಿಲ್ಲ. ನಮ್ಮ ಕಡೆಯ ಊರುಗಳಿಗೆ ಬಂದದ್ದು ಬಹುಪಾಲು ತೈವಾನ್, ಚೀನಾಗಳಲ್ಲಿ ತಯಾರಾದ ನಕಲು. ಮೂಲ ಯಂತ್ರದ ಹಲವು ಚಿಪ್ಪುಗಳ ಕೆಲಸವನ್ನು ಒಂದೇ ಚಿಪ್ಪಿಗೆ ತುಂಬಿ, ಮೇಲೆ ಕರಿ ಅಂಟಿನ ಒಂದು ಬೊಟ್ಟು ಇಟ್ಟರೆ ಯಂತ್ರ ಸಿದ್ಧವಾಗುತ್ತಿತ್ತು. ಹಾಗಾಗಿಯೇ ಅಗ್ಗ. ಕ್ಯಾಸೆಟ್ಟಿನ ಮೇಲೆ 9999 ಆಟ ಎಂದು ಬರೆದಿರುತ್ತಿತ್ತು. ಒಳಗೆ ಬೆರಳೆಣಿಕೆಯ ಆಟಗಳೇ ಹೆಸರು ಬದಲಿಸಿಕೊಂಡು ತಿರುತಿರುಗಿ ಬರುತ್ತಿದ್ದವು.

ಆ ನಕಲಿನ ಮೂಲ ಯಾವುದು ಎಂಬುದಕ್ಕೆ ನನ್ನ ಬಳಿ ಒಂದೇ ಸಾಕ್ಷಿ ಇದೆ. 2019ರಲ್ಲಿ ಕೊನಾಮಿ ಹಳೆಯ ಹಲವು ಕಾಂಟ್ರಾಗಳನ್ನು ಒಂದು ಸಂಕಲನವಾಗಿ ತಂದಿತು. ಅದರಲ್ಲಿ ಜಪಾನಿನ ಆವೃತ್ತಿ ನೋಡಿ ಬೆರಗಾದೆ. ಮೊದಲ ಹಂತದ ಕಾಡಿನಲ್ಲಿ ಮರಗಳು ಗಾಳಿಗೆ ಅಲುಗಾಡುತ್ತವೆ, ಹಂತಗಳ ನಡುವೆ ನಕಾಶೆ ಬರುತ್ತದೆ. ಅದಕ್ಕೆಂದೇ ಕೊನಾಮಿ ಆ ಕ್ಯಾಸೆಟ್ಟಿನಲ್ಲಿ ಬೇರೆ ಚಿಪ್ಪು ಇಟ್ಟಿತ್ತು. ಅಮೆರಿಕದ ಆವೃತ್ತಿಯಲ್ಲಿ ಇವೆರಡೂ ಇಲ್ಲ. ನಮ್ಮ ಹಿಟ್ನಾಳದ ಕಾಂಟ್ರಾದಲ್ಲಿ ಮರಗಳು ಕದಲಿದ ನೆನಪೇ ನನಗಿಲ್ಲ. ಎಂದರೆ ಜಪಾನಿನಲ್ಲಿ ಹುಟ್ಟಿ, ಅಮೆರಿಕಕ್ಕೆ ಹೋಗಿ, ಯಾವುದೋ ಕಾರ್ಖಾನೆಯಲ್ಲಿ ನಕಲಾಗಿ ಅದು ನಮ್ಮಲ್ಲಿಗೆ ಬಂದಿರಬೇಕು.

ಕಥೆಯೂ ದಾರಿಯಲ್ಲಿ ಬದಲಾಗಿತ್ತು. ಜಪಾನಿನಲ್ಲಿ ಇದು 2633ರಲ್ಲಿ, ನ್ಯೂಜಿಲೆಂಡಿನ ಹತ್ತಿರದ ಗಲೂಗಾ ಎಂಬ ದ್ವೀಪಗಳಲ್ಲಿ ನಡೆಯುವ ಕಥೆ. ಅಮೆರಿಕದ ಕೈಪಿಡಿ ಇದನ್ನು ದಕ್ಷಿಣ ಅಮೆರಿಕದ ಕಾಡಿಗೆ, ವರ್ತಮಾನಕ್ಕೆ ತಂದಿತು. ಯುರೋಪಿನಲ್ಲಿ ಹಿಂಸೆಯ ಬಗೆಗಿನ ಜರ್ಮನಿಯ ನಿಯಮಗಳ ಕಾರಣ ಮನುಷ್ಯರನ್ನೇ ತೆಗೆದು ರೋಬೋಟುಗಳನ್ನು ಇಟ್ಟು, ‘ಪ್ರೊಬೊಟೆಕ್ಟರ್’ ಎಂದು ಹೆಸರಿಟ್ಟರು. ನಮಗೆ ಕೈಪಿಡಿಯೇ ಬಂದಿರಲಿಲ್ಲ. ಆದ್ದರಿಂದ ಕಥೆಯನ್ನು ನಾವೇ ಹಚ್ಚಿಕೊಂಡೆವು. ಎರಡನೇ ಹಂತದ ಗೋಡೆ ಮುನಿರಾಬಾದಿನ ಡ್ಯಾಂ. ಮೂರನೆಯದು ಡ್ಯಾಮಿನ ಗೇಟು ತೆಗೆದಾಗ ಬೀಳುವ ನೀರು. ಹೊಸ ಆಟ ಗಲೂಗಾ ಎಂಬ ಹೆಸರನ್ನು ಎಲ್ಲರಿಗೂ ಮರಳಿ ಕೊಟ್ಟಿದೆ, ಆ ರೋಬೋಟನ್ನೂ ಒಬ್ಬ ಆಟಗಾರನಾಗಿ ಸೇರಿಸಿಕೊಂಡಿದೆ. ನಮ್ಮ ಡ್ಯಾಂ ಮಾತ್ರ ಅದರಲ್ಲಿಲ್ಲ.

ಕಳೆದ ಸಲ ಹುಲಿಗೆಮ್ಮನ ಜಾತ್ರೆಗೆ ಊರಿಗೆ ಹೋದಾಗ ಲ್ಯಾಪ್‌ಟಾಪನ್ನೂ ಎರಡು ಕಂಟ್ರೋಲರನ್ನೂ ಒಯ್ದಿದ್ದೆ. ಅಣ್ಣನ ಮಗ ಹೊಸ ಆಟವನ್ನು ಐದೇ ನಿಮಿಷದಲ್ಲಿ ಕಲಿತ. ನಾನು ಇಟ್ಟಿದ್ದ ಕಠಿಣ ಪದ್ಧತಿ ತೆಗೆದು, ಹಲವು ಏಟು ತಾಳುವ ಹಾಗೆ ಬದಲಿಸಿಕೊಂಡ.

“ಅದು ಮೋಸ ಆತಲ್ಲೋ,” ಎಂದೆ.

“ಕಾಕಾ, ಆಟದಾಗ ಅವರ ಇಟ್ಟಾರ. ಮೋಸ ಹೆಂಗ ಆಕ್ಕತಿ?”

ಉತ್ತರ ಅವನ ಪರವಾಗಿಯೇ ಇತ್ತು. ಕೊನಾಮಿಯ ಕಜುಹಿಸಾ ಹಾಶಿಮೊಟೊ 1986ರಲ್ಲಿ ‘ಗ್ರಾಡಿಯಸ್’ ಎಂಬ ಆಟವನ್ನು ಮನೆಯ ಯಂತ್ರಕ್ಕೆ ಇಳಿಸುವಾಗ, ತಾನೇ ಮಾಡುತ್ತಿದ್ದ ಆಟ ತನಗೇ ಗೆಲ್ಲಲಾಗದೆ ಒಂದು ಗುಟ್ಟಿನ ಕೀಲಿ ಇಟ್ಟುಕೊಂಡರು: ಮೇಲೆ ಎರಡು, ಕೆಳಗೆ ಎರಡು, ಎಡ, ಬಲ, ಎಡ, ಬಲ, ಬಿ, ಎ. ಅದನ್ನು ತೆಗೆಯದೆಯೇ ಆಟ ಮಾರುಕಟ್ಟೆಗೆ ಹೋಯಿತು. ಕಾಂಟ್ರಾದಲ್ಲಿ ಅದೇ ಕೀಲಿ ಮೂವತ್ತು ಜೀವ ಕೊಡುತ್ತಿತ್ತು. ಹಾಶಿಮೊಟೊ 2020ರಲ್ಲಿ ತೀರಿಕೊಂಡರು. ಕಷ್ಟವನ್ನು ಕಟ್ಟಿದವರೇ ತಮಗೊಂದು ಹಿತ್ತಿಲ ಬಾಗಿಲು ಇಟ್ಟುಕೊಂಡಿದ್ದರು. ಹಾಗಿರುವಾಗ ಹುಡುಗನಿಗೆ ಮೋಸ ಎನ್ನಲು ನಾನ್ಯಾರು?

ಅಣ್ಣ ರಾತ್ರಿ ಪಾಳಿ ಮುಗಿಸಿ ಬಂದು, ಸ್ನಾನ ಮಾಡಿ, ನಮ್ಮ ಹಿಂದೆ ಗೋಡೆಗೆ ಒರಗಿ ನೋಡುತ್ತಿದ್ದ. “ಬಣ್ಣ ಛಲೋ ಅದಾವು. ಹಳೇದು ಐತೇನು?” ಎಂದ. ಸಂಕಲನ ತೆರೆದೆ. ಮಗನ ಕೈಯಿಂದ ಕಂಟ್ರೋಲರ್ ಇಸಿದುಕೊಂಡ.

ಹಳೆಯ ಕಾಂಟ್ರಾ ಆಡಿದವರಿಗೆ ಮೂರನೆಯ ಹಂತ ಗೊತ್ತು. ಜಲಪಾತವನ್ನು ಬಂಡೆಯಿಂದ ಬಂಡೆಗೆ ಹಾರಿ ಹತ್ತಬೇಕು. ಪರದೆ ಮೇಲಿದ್ದವನ ಜೊತೆ ಮೇಲಕ್ಕೆ ಸರಿಯುತ್ತದೆ. ಕೆಳಗೆ ಉಳಿದವನ ಕಾಲ ಕೆಳಗಿನ ಬಂಡೆ ಪರದೆಯಿಂದ ಹೊರಗೆ ಹೋಗಿ, ಅವನು ಬಿದ್ದು ಸಾಯುತ್ತಾನೆ. ಆಗೆಲ್ಲ ಅವಸರ ನನ್ನದೇ. “ಲೇ ತಡೀಲೇ, ನಾ ಇನ್ನೂ ಕೆಳಗ ಅದೀನಿ” ಎಂದು ಅಣ್ಣ ಕೂಗುತ್ತಿದ್ದ. ನಾನು ಹತ್ತಿಬಿಡುತ್ತಿದ್ದೆ. ಅಣ್ಣನ ಎರಡೂವರೆ ರೂಪಾಯಿ ಬಹಳ ಸಲ ಹಾಗೆಯೇ ಹೋಯಿತು. ಮುಂದೆ ದೊಡ್ಡಪ್ಪ ಹಾಸಿಗೆ ಹಿಡಿದಾಗ ಅಣ್ಣ ಎಸ್ಸೆಸ್ಸೆಲ್ಸಿಗೇ ಸಾಲಿ ಬಿಟ್ಟ. ನನ್ನ ಕಾಲೇಜಿನ ಮೊದಲ ಫೀಸಿಗೆ ಹಣ ಕೊಟ್ಟವನು ಅವನೇ. ಆ ಲೆಕ್ಕ ನಾವಿಬ್ಬರೂ ಎಂದೂ ಆಡಿಲ್ಲ.

ಈ ಸಲ ನಾನು ಕೆಳಗಿನ ಬಂಡೆಯ ಮೇಲೆ ನಿಂತು ಕಾದೆ.

“ಯಾಕ ನಿಂತಿ? ಹತ್ತು,” ಎಂದ ಅಣ್ಣ.

“ನೀ ಮೊದ್ಲ ಹತ್ತಣ್ಣ.”

ಅವನು ಒಂದು ಬಂಡೆ ಹಾರಿದ, ನಿಂತ, ನಾನು ಬರುವ ತನಕ ಕಾದ. ಹಾಗೆ ಒಂದೊಂದೇ ಬಂಡೆ ಹತ್ತಿದೆವು. ತುದಿಯಲ್ಲಿ ಇಬ್ಬರೂ ಸತ್ತೆವು. ಹುಡುಗ ನಕ್ಕ, ಮೂವತ್ತು ಜೀವದ ಕೀಲಿ ಹಾಕಲೇ ಎಂದು ಕೇಳಿದ. ಅಣ್ಣ ಬೇಡವೆಂದು ತಲೆಯಾಡಿಸಿ, ಮತ್ತೆ ಮೊದಲಿಂದ ಶುರುಮಾಡಿದ.