ಸೆಮಿನಾರ್

ಸಣ್ಣ ಗುಂಪಿನ ವಿದ್ಯಾರ್ಥಿಗಳು ಪ್ರಾಧ್ಯಾಪಕರ ಮುಂದೆ ಪ್ರಬಂಧ ಮಂಡಿಸಿ ಚರ್ಚಿಸುವ ಮೂಲಕ ಶಾಸ್ತ್ರೀಯ ಬರವಣಿಗೆ ಕಲಿಯುವ ವಿಶ್ವವಿದ್ಯಾಲಯದ ಬೋಧನಾ ಕ್ರಮ. ಸಸಿಮಡಿ ಎಂಬ ಅರ್ಥದ ಲ್ಯಾಟಿನ್ ಪದ ‘ಸೆಮಿನಾರಿಯಮ್’ ಈ ಹೆಸರಿನ ಮೂಲ. 1730ರ ದಶಕದ ಕೊನೆಯಲ್ಲಿ ಜರ್ಮನಿಯ ಗಟಿಂಗೆನ್‌ನಲ್ಲಿ ಯೋಹಾನ್ ಮಥಿಯಾಸ್ ಗೆಸ್ನರ್, 1787ರಲ್ಲಿ ಹಾಲೆಯಲ್ಲಿ ಫ್ರೀಡ್ರಿಶ್ ಆಗಸ್ಟ್ ವೋಲ್ಫ್ ಗ್ರೀಕ್-ಲ್ಯಾಟಿನ್ ಅಧ್ಯಯನದ ಸೆಮಿನಾರ್‌ಗಳನ್ನು ಸ್ಥಾಪಿಸಿದರು. ಬರ್ಲಿನ್‌ನಲ್ಲಿ ಇತಿಹಾಸಕಾರ ಲಿಯೊಪೋಲ್ಡ್ ಫಾನ್ ರಾಂಕೆ ಮೂಲ ಆಕರಗಳ ಪರಿಶೀಲನೆಗೆ ಇದೇ ಕ್ರಮವನ್ನು ಅನುಸರಿಸಿದ. 1876ರಲ್ಲಿ ಆರಂಭವಾದ ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯ ಅಮೆರಿಕದಲ್ಲಿ ಇದನ್ನು ಬೆಳೆಸಿತು.

ಪ್ರಶ್ನೆಯನ್ನು ಖಚಿತಪಡಿಸಿಕೊಳ್ಳುವುದು, ಆಧಾರಸಹಿತ ವಾದಮಂಡನೆ, ಸರಿಯಾದ ಉಲ್ಲೇಖ, ಸಹಪಾಠಿಗಳ ಟೀಕೆಯ ಬೆಳಕಿನಲ್ಲಿ ಕರಡು ತಿದ್ದುವುದು ಇದರ ಮುಖ್ಯ ಅಂಗಗಳು. ಇಂಥ ಬರವಣಿಗೆಯ ಪ್ರಾಮಾಣಿಕತೆಗೆ ಸಂಬಂಧಿಸಿ ಭಾರತದಲ್ಲಿ ವಿಶ್ವವಿದ್ಯಾಲಯ ಅನುದಾನ ಆಯೋಗ (ಯುಜಿಸಿ) 2019ರಲ್ಲಿ ಪಿಎಚ್.ಡಿ. ಕೋರ್ಸ್‌ವರ್ಕ್‌ಗೆ ಸಂಶೋಧನೆ ಮತ್ತು ಪ್ರಕಟಣೆಯ ನೈತಿಕತೆ ಕುರಿತ 2 ಕ್ರೆಡಿಟ್‌ಗಳ ಪತ್ರಿಕೆಯನ್ನು ಕಡ್ಡಾಯಗೊಳಿಸಿತು.