ನಮ್ಮವನು ಯಾರು? 1960ರ ಒಂದು ಚುನಾವಣೆ ಕೇಳಿದ ಪ್ರಶ್ನೆ



ಚುನಾವಣೆ ಎಂದೊಡನೆ ಎರಡು ಪಕ್ಷಗಳ ನಡುವಣ ಹೋರಾಟವೇ ನಮ್ಮ ಕಣ್ಣ ಮುಂದೆ ನಿಲ್ಲುತ್ತದೆ. ಆದರೆ ಬೀದಿಯ ಜಗಳಕ್ಕಿಂತ ಮನೆಯೊಳಗಣ ಜಗಳ ಹೆಚ್ಚು ನೋಯಿಸುತ್ತದೆ ಎಂಬುದನ್ನು ಕುಟುಂಬಸ್ಥರಾದ ನಿಮಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಅಮೆರಿಕ ಸಂಯುಕ್ತ ಸಂಸ್ಥಾನದಲ್ಲಿ ಅಂಥದೊಂದು ಮನೆಯೊಳಗಣ ಸ್ಪರ್ಧೆ ನಾಲ್ಕು ವರ್ಷಕ್ಕೊಮ್ಮೆ ನಡೆಯುತ್ತದೆ. ಅಧ್ಯಕ್ಷ ಪದವಿಗೆ ತನ್ನ ಅಭ್ಯರ್ಥಿ ಯಾರೆಂಬುದನ್ನು ಪ್ರತಿಯೊಂದು ಪಕ್ಷವೂ ಮೊದಲು ತನ್ನವರೊಳಗೇ ತೀರ್ಮಾನಿಸಿಕೊಳ್ಳಬೇಕು. ಇದಕ್ಕಾಗಿ ರಾಜ್ಯ ರಾಜ್ಯಗಳಲ್ಲಿ ನಡೆಯುವ ಮತದಾನವನ್ನು ಪ್ರಾಥಮಿಕ ಚುನಾವಣೆ ಎನ್ನುತ್ತಾರೆ. ಒಂದೇ ಪಕ್ಷಕ್ಕೆ ಸೇರಿದವರು, ಒಂದೇ ಧ್ಯೇಯವನ್ನು ಒಪ್ಪಿದವರು, ಇಲ್ಲಿ ಒಬ್ಬರಿಗೊಬ್ಬರು ಎದುರಾಳಿಗಳಾಗುತ್ತಾರೆ. ನೀತಿಯಲ್ಲಿ ದೊಡ್ಡ ಭೇದವಿಲ್ಲದಿರುವುದರಿಂದ ಬೇರೆ ಭೇದಗಳು ಮೇಲೆದ್ದು ಬರುತ್ತವೆ: ಊರು, ವಯಸ್ಸು, ಬಣ್ಣ, ಧರ್ಮ.

ಧರ್ಮದ ಭೇದವೇ ಮೇಲೆದ್ದು ಬಂದ ಒಂದು ಪ್ರಾಥಮಿಕ ಚುನಾವಣೆಯ ಕಥೆ ಇದು. 1960ರಲ್ಲಿ ಡೆಮಾಕ್ರಟಿಕ್ ಪಕ್ಷದೊಳಗೆ ಅದು ನಡೆಯಿತು. ಅದರಲ್ಲಿ ಗೆದ್ದವರ ಹೆಸರನ್ನು ಜಗತ್ತೆಲ್ಲ ಬಲ್ಲದು. ಸೋತವರ ಹೆಸರನ್ನೂ ನೀವು ನೆನಪಿನಲ್ಲಿಡಬೇಕೆಂಬುದು ಈ ಲೇಖನದ ಆಶಯ.

ಹಳೆಯ ಗಾಯ

ಅಮೆರಿಕದ ಸಂವಿಧಾನ ಯಾವುದೇ ಸಾರ್ವಜನಿಕ ಹುದ್ದೆಗೆ ಧರ್ಮದ ಪರೀಕ್ಷೆಯನ್ನು ಒಡ್ಡಬಾರದೆಂದು ಸ್ಪಷ್ಟವಾಗಿ ಹೇಳಿದೆ. ಆದರೆ ಕಾಗದದ ಮೇಲಿನ ಮಾತು ಜನರ ಎದೆಗೆ ಇಳಿಯಲು ಕಾಲ ಬೇಕು. ಐರ್ಲೆಂಡಿನ ಬಡ ಕಥೋಲಿಕರು ಹಡಗು ಹಡಗಾಗಿ ಬಂದಿಳಿದ 19ನೇ ಶತಮಾನದಲ್ಲಿ ಬಹುಸಂಖ್ಯಾತ ಪ್ರೊಟೆಸ್ಟೆಂಟರಲ್ಲಿ ಅಂಜಿಕೆ ಹುಟ್ಟಿತು. 1844ರಲ್ಲಿ ಫಿಲಡೆಲ್ಫಿಯಾ ನಗರದಲ್ಲಿ ಗಲಭೆಗಳಾಗಿ ಕಥೋಲಿಕ ದೇವಾಲಯಗಳು ಬೆಂಕಿಗೆ ಆಹುತಿಯಾದವು. ಅಂದು ಸುಟ್ಟವರೂ ಸುಡಿಸಿಕೊಂಡವರೂ ಒಬ್ಬನೇ ಕ್ರಿಸ್ತನ ಹೆಸರನ್ನು ಹೇಳುವವರೇ ಆಗಿದ್ದರೆಂಬುದನ್ನು ನಾವು ಮರೆಯಲಾಗದು.

1928ರಲ್ಲಿ ನ್ಯೂಯಾರ್ಕ್ ರಾಜ್ಯದ ಗವರ್ನರ್ ಅಲ್ ಸ್ಮಿತ್ ಅವರನ್ನು ಡೆಮಾಕ್ರಟಿಕ್ ಪಕ್ಷ ಅಭ್ಯರ್ಥಿಯನ್ನಾಗಿ ನಿಲ್ಲಿಸಿತು. ದೊಡ್ಡ ಪಕ್ಷವೊಂದು ಕಥೋಲಿಕರೊಬ್ಬರನ್ನು ಅಧ್ಯಕ್ಷ ಪದವಿಗೆ ನಿಲ್ಲಿಸಿದ್ದು ಅದೇ ಮೊದಲು. ಹರ್ಬರ್ಟ್ ಹೂವರ್ ಅವರೆದುರು ಸ್ಮಿತ್ 444ಕ್ಕೆ 87 ಚುನಾಯಕ ಮತಗಳಿಂದ ಸೋತರು. ಆ ಪಕ್ಷದ ಭದ್ರ ಕೋಟೆಯೆನಿಸಿದ್ದ ದಕ್ಷಿಣದ ಟೆಕ್ಸಸ್, ವರ್ಜೀನಿಯಾ, ಫ್ಲಾರಿಡಾದಂಥ ರಾಜ್ಯಗಳೂ ಕೈಬಿಟ್ಟವು. ಸೋಲಿಗೆ ಬೇರೆ ಕಾರಣಗಳೂ ಇದ್ದವು. ಆಗ ದೇಶದಲ್ಲಿ ಸಮೃದ್ಧಿಯಿತ್ತು, ಮದ್ಯನಿಷೇಧದ ವಿವಾದವಿತ್ತು. ಆದರೂ ಕಥೋಲಿಕನೊಬ್ಬ ಗೆಲ್ಲಲಾರ ಎಂಬ ಪಾಠವನ್ನು ಪಕ್ಷದ ನಾಯಕರು ಕಲಿತುಬಿಟ್ಟರು. ಆ ಪಾಠ 32 ವರ್ಷ ಉಳಿಯಿತು.

ಇಬ್ಬರು ಸೆನೆಟರುಗಳು

1960ರ ಜನವರಿ 2ರಂದು ಮ್ಯಾಸಚೂಸೆಟ್ಸ್ ರಾಜ್ಯದ ಸೆನೆಟರ್ ಜಾನ್ ಎಫ್. ಕೆನಡಿ ತಮ್ಮ ಉಮೇದುವಾರಿಕೆಯನ್ನು ಪ್ರಕಟಿಸಿದರು. ಅವರಿಗಾಗ 42 ವರ್ಷ. ಯುದ್ಧದಲ್ಲಿ ಗಾಯಗೊಂಡ ವೀರ, ಕೋಟ್ಯಧೀಶರ ಮಗ, ಕಥೋಲಿಕ. ಅವರ ಮುಖ್ಯ ಎದುರಾಳಿ ಮಿನ್ನೆಸೋಟಾದ ಸೆನೆಟರ್ ಹ್ಯೂಬರ್ಟ್ ಹಂಫ್ರಿ. ಸಣ್ಣ ಊರಿನ ಔಷಧಿ ಅಂಗಡಿಯವರ ಮಗ, ಪ್ರೊಟೆಸ್ಟೆಂಟ್. 1948ರ ಪಕ್ಷದ ಮಹಾಧಿವೇಶನದಲ್ಲಿ ಕಪ್ಪು ಜನರ ನಾಗರಿಕ ಹಕ್ಕುಗಳ ಪರವಾಗಿ ಎದ್ದುನಿಂತು ಮಾತನಾಡಿ, ದಕ್ಷಿಣದ ಪ್ರತಿನಿಧಿಗಳು ಸಭೆಯಿಂದ ಹೊರನಡೆದರೂ ಜಗ್ಗದವರು.

ಆ ಕಾಲದಲ್ಲಿ ಪ್ರಾಥಮಿಕ ಚುನಾವಣೆ ನಡೆಯುತ್ತಿದ್ದುದು ಕೆಲವೇ ರಾಜ್ಯಗಳಲ್ಲಿ. ಹೆಚ್ಚಿನ ಪ್ರತಿನಿಧಿಗಳನ್ನು ಆರಿಸುತ್ತಿದ್ದವರು ಪಕ್ಷದ ಮುಖಂಡರು. ಆದ್ದರಿಂದ ಮತದಾರರ ಮುಂದೆ ಹೋಗಿ ಗೆದ್ದು ತೋರಿಸುವುದು ಮುಖಂಡರ ಮನವೊಲಿಸುವ ದಾರಿಯಾಗಿತ್ತು. ಕೆನಡಿಗೆ ಅಂಥ ರುಜುವಾತು ಅತ್ಯಗತ್ಯವಾಗಿತ್ತು. ಗಮನಿಸಿ: ಅವರನ್ನು ಸಂಶಯದಿಂದ ನೋಡಿದವರಲ್ಲಿ ಕಥೋಲಿಕ ಮುಖಂಡರೂ ಇದ್ದರು. ಪೆನ್ಸಿಲ್ವೇನಿಯಾದ ಗವರ್ನರ್ ಡೇವಿಡ್ ಲಾರೆನ್ಸ್ ಸ್ವತಃ ಕಥೋಲಿಕರಾಗಿದ್ದರೂ, ಕಥೋಲಿಕ ಅಭ್ಯರ್ಥಿಯಿಂದ ಪಕ್ಷ ಸೋತೀತೆಂದು ಹೆದರಿದ್ದರು. ಪೂರ್ವಗ್ರಹದ ಭಯವು ಅದಕ್ಕೆ ಗುರಿಯಾದವರ ಮನಸ್ಸನ್ನೂ ಕುಗ್ಗಿಸುವುದು ಹೀಗೆ.

ಏಪ್ರಿಲ್ 5ರಂದು ವಿಸ್ಕಾನ್ಸಿನ್ ರಾಜ್ಯದಲ್ಲಿ ಮತದಾನವಾಯಿತು. ಅದು ಹಂಫ್ರಿಯವರ ನೆರೆರಾಜ್ಯ. ಕೆನಡಿ ಶೇಕಡಾ 56ಕ್ಕಿಂತ ಹೆಚ್ಚು ಮತ ಪಡೆದು ಗೆದ್ದರು. ಆದರೆ ಆ ಗೆಲುವನ್ನು ಯಾರೂ ಗೆಲುವೆಂದು ಎಣಿಸಲಿಲ್ಲ. ಹತ್ತು ಕ್ಷೇತ್ರಗಳಲ್ಲಿ ಆರು ಕೆನಡಿಯ ಪಾಲಾಗಿದ್ದವು, ನಾಲ್ಕು ಹಂಫ್ರಿಯವರಿಗೆ ಹೋಗಿದ್ದವು. ಕಥೋಲಿಕರು ಕಥೋಲಿಕನಿಗೆ, ಪ್ರೊಟೆಸ್ಟೆಂಟರು ಪ್ರೊಟೆಸ್ಟೆಂಟನಿಗೆ ಮತ ಹಾಕಿದರೆಂದು ಪತ್ರಿಕೆಗಳು ಬರೆದವು. ಹಂಫ್ರಿ ಗೆದ್ದ ಕ್ಷೇತ್ರಗಳಲ್ಲಿ ಹೆಚ್ಚಿನವು ಮಿನ್ನೆಸೋಟಾದ ಗಡಿಯ ಕಡೆಯವು, ರೈತರು ಅವರನ್ನು ವರ್ಷಗಳಿಂದ ಬಲ್ಲವರು ಎಂಬ ಸರಳ ಸಂಗತಿ ಆ ಗದ್ದಲದಲ್ಲಿ ಮರೆಯಾಯಿತು. ಮತದಾರನ ಧರ್ಮ ಗೊತ್ತಾದೊಡನೆ ಅವನ ಮನಸ್ಸೂ ಗೊತ್ತಾಯಿತೆಂದು ಭಾವಿಸುವ ಅಭ್ಯಾಸ ನಮ್ಮ ಕಾಲದ್ದು ಮಾತ್ರವಲ್ಲ.

ಗಣಿನಾಡಿನ ಪರೀಕ್ಷೆ

ಮುಂದಿನ ಪರೀಕ್ಷೆ ಮೇ 10ರಂದು ವೆಸ್ಟ್ ವರ್ಜೀನಿಯಾದಲ್ಲಿ. ಅದು ಬೆಟ್ಟಗುಡ್ಡಗಳ ನಾಡು, ಕಲ್ಲಿದ್ದಲ ಗಣಿಗಳ ನಾಡು. ಗಣಿಗಳಿಗೆ ಯಂತ್ರಗಳು ಬಂದು ಸಾವಿರಾರು ಕಾರ್ಮಿಕರು ಕೆಲಸ ಕಳೆದುಕೊಂಡಿದ್ದರು. ಸರ್ಕಾರ ಹಂಚುತ್ತಿದ್ದ ಹೆಚ್ಚುವರಿ ಆಹಾರಧಾನ್ಯವೇ ಎಷ್ಟೋ ಮನೆಗಳಿಗೆ ಆಧಾರ. ಅಲ್ಲಿ ಕಥೋಲಿಕರ ಪ್ರಮಾಣ ಶೇಕಡಾ 5ರಷ್ಟು ಮಾತ್ರ. 1959ರ ಡಿಸೆಂಬರಿನಲ್ಲಿ ಕೆನಡಿಯ ಪಾಳೆಯ ನಡೆಸಿದ್ದ ಸಮೀಕ್ಷೆಯಲ್ಲಿ ಅವರಿಗೆ 70, ಹಂಫ್ರಿಗೆ 30 ಅಂಕವಿತ್ತು. ಮತದಾನ ಸಮೀಪಿಸಿದಾಗ ಅದು ಮಗುಚಿ ಹಂಫ್ರಿಗೆ 60, ಕೆನಡಿಗೆ 40 ಆಯಿತು. ಕಾರಣ ಕೇಳಿದರೆ ಉತ್ತರ ಸರಳವಾಗಿತ್ತು: ಡಿಸೆಂಬರಿನಲ್ಲಿ ಅವರು ಕಥೋಲಿಕರೆಂಬುದು ಜನರಿಗೆ ತಿಳಿದಿರಲಿಲ್ಲ, ಈಗ ತಿಳಿದಿತ್ತು.

ಆ ಜನರ ಭಯವನ್ನು ನಾವು ಬರಿಯ ಹಗೆಯೆಂದು ತಳ್ಳಿಹಾಕುವುದು ನ್ಯಾಯವಲ್ಲ. ಪೋಪರ ಆಜ್ಞೆ ಒಂದು ಕಡೆ, ಸಂವಿಧಾನ ಇನ್ನೊಂದು ಕಡೆ ನಿಂತಾಗ ಕಥೋಲಿಕ ಅಧ್ಯಕ್ಷ ಯಾವುದಕ್ಕೆ ತಲೆಬಾಗಿಯಾನು? ಧರ್ಮಸಭೆಯ ಶಾಲೆಗಳಿಗೆ ಸರ್ಕಾರದ ಹಣ ಕೊಟ್ಟಾನೇ? ಈ ಪ್ರಶ್ನೆಗಳನ್ನು ಪ್ರಾಮಾಣಿಕವಾಗಿ ಕೇಳಿದವರೂ ಇದ್ದರು. 1959ರಲ್ಲೇ ಕೆನಡಿ ಒಂದು ಪತ್ರಿಕಾ ಸಂದರ್ಶನದಲ್ಲಿ, ಹುದ್ದೆಯ ಪ್ರಮಾಣವಚನಕ್ಕಿಂತ ಮಿಗಿಲಾದದ್ದು ತಮಗೆ ಯಾವುದೂ ಇಲ್ಲವೆಂದಿದ್ದರು. ಆಗ ಅವರನ್ನು ಕಟುವಾಗಿ ಟೀಕಿಸಿದ್ದು ಕಥೋಲಿಕ ಪತ್ರಿಕೆಗಳು! ಹೀಗೆ ಒಂದು ಕಡೆಯವರಿಗೆ ಅವರು ಅತಿಯಾದ ಕಥೋಲಿಕ, ಇನ್ನೊಂದು ಕಡೆಯವರಿಗೆ ಸಾಲದ ಕಥೋಲಿಕ.

ವೆಸ್ಟ್ ವರ್ಜೀನಿಯಾದಲ್ಲಿ ಅವರು ಆ ವಿಷಯವನ್ನು ಮುಚ್ಚಿಡಲಿಲ್ಲ. ತಾವು ನೌಕಾಪಡೆಗೆ ಸೇರಿದಾಗ, ತಮ್ಮ ಅಣ್ಣ ಯುದ್ಧದಲ್ಲಿ ಮಡಿದಾಗ ಯಾರೂ ಅವರ ಧರ್ಮವನ್ನು ಕೇಳಲಿಲ್ಲವೆಂದರು. ದೀಕ್ಷಾಸ್ನಾನ ಪಡೆದ ದಿನವೇ ಅಧ್ಯಕ್ಷನಾಗುವ ಹಕ್ಕನ್ನು ತಾವು ಕಳೆದುಕೊಂಡೆವೆಂದು ನಂಬಲು ನಿರಾಕರಿಸಿದರು. ಮತದಾನಕ್ಕೆ ಎರಡು ದಿನ ಮುಂಚಿನ ಭಾನುವಾರ ಸಂಜೆ ದೂರದರ್ಶನದಲ್ಲಿ ಮಾತನಾಡುತ್ತ, ಬೈಬಲಿನ ಮೇಲೆ ಕೈಯಿಟ್ಟು ಪ್ರಮಾಣ ಮಾಡಿದ ಅಧ್ಯಕ್ಷ ಅದನ್ನು ಮುರಿದರೆ ಅದು ಸಂವಿಧಾನಕ್ಕೆ ಎಸಗಿದ ಅಪರಾಧ ಮಾತ್ರವಲ್ಲ, ದೇವರೆದುರು ಪಾಪವೂ ಹೌದೆಂಬ ಅರ್ಥದ ಮಾತನ್ನಾಡಿದರು. ಬೈಬಲನ್ನು ಮನೆಯ ಆಸ್ತಿಯೆಂದು ಕಾಣುತ್ತಿದ್ದ ಆ ಬೆಟ್ಟದ ಜನಕ್ಕೆ ಆ ಮಾತು ಅರ್ಥವಾಯಿತು.

ಮೇ 10ರ ರಾತ್ರಿ ಫಲಿತಾಂಶ ಬಂದಿತು: ಕೆನಡಿಗೆ ಸುಮಾರು ಶೇಕಡಾ 61, ಹಂಫ್ರಿಗೆ 39. ನೂರಕ್ಕೆ 95 ಮಂದಿ ಕಥೋಲಿಕರಲ್ಲದ ರಾಜ್ಯ ಕಥೋಲಿಕನನ್ನು ಆರಿಸಿತ್ತು. ಹಂಫ್ರಿ ಕಣದಿಂದ ಹಿಂದೆ ಸರಿದರು.

ಸೋತವರ ಸಂಕಟ

ಇಲ್ಲಿಗೆ ಕಥೆ ಮುಗಿಸಿ ಪೂರ್ವಗ್ರಹ ಸೋತಿತು, ಸಹಿಷ್ಣುತೆ ಗೆದ್ದಿತು ಎಂದು ಹೇಳುವುದು ಸುಲಭ. ಬಹಳ ಮಂದಿ ಹಾಗೆಯೇ ಹೇಳುತ್ತಾರೆ. ಆದರೆ ಹಂಫ್ರಿಯವರ ಕಡೆಯಿಂದ ಒಮ್ಮೆ ನೋಡಿರಿ.

ಕೆನಡಿಗೆ ಹಾಕಿದ ಮತ ಸಹಿಷ್ಣುತೆಯ ಮತ ಎಂಬ ಭಾವನೆ ಆ ವಾರಗಳಲ್ಲಿ ರಾಜ್ಯದ ತುಂಬ ಹರಡಿತು. ಹಾಗಾದರೆ ಹಂಫ್ರಿಗೆ ಹಾಕಿದ ಮತ? ಅದು ಅಸಹಿಷ್ಣುತೆಯ ಮತವೆಂದು ತಾನಾಗಿಯೇ ಅರ್ಥವಾಯಿತು. ಜೀವನವಿಡೀ ಪೂರ್ವಗ್ರಹದ ವಿರುದ್ಧ ಹೋರಾಡಿದ ಮನುಷ್ಯ ಪೂರ್ವಗ್ರಹದ ಅಭ್ಯರ್ಥಿಯೆನಿಸಿಕೊಳ್ಳಬೇಕಾಯಿತು. ಗಣಿ ಕಾರ್ಮಿಕರ ಕೂಲಿಗಾಗಿ ಅವರು ಮಾಡಿದ್ದ ಕೆಲಸವನ್ನು ಮೆಚ್ಚಿ ಮತ ಹಾಕಬಯಸಿದವನೂ ನೆರೆಯವರ ಕಣ್ಣಿಗೆ ಕಥೋಲಿಕ ದ್ವೇಷಿಯಾಗಿ ಕಂಡಾನೇನೋ ಎಂದು ಅಳುಕುವಂತಾಯಿತು. ಸಾಲದೆಂಬಂತೆ, ಕೆನಡಿಯ ಪರವಾಗಿ ಪ್ರಚಾರಕ್ಕೆ ಬಂದಿದ್ದ ಫ್ರಾಂಕ್ಲಿನ್ ರೂಸ್‌ವೆಲ್ಟ್ ಕಿರಿಯರು, ಹಂಫ್ರಿ ಯುದ್ಧಸೇವೆಯಿಂದ ತಪ್ಪಿಸಿಕೊಂಡರೆಂದು ಧ್ವನಿಸುವ ಮಾತನ್ನಾಡಿದರು. ತಂದೆಯ ಹೆಸರನ್ನು ಆ ಗಣಿನಾಡು ಪೂಜಿಸುತ್ತಿದ್ದುದರಿಂದ ಮಗನ ಮಾತು ನಾಟಿತು. ಅದು ನ್ಯಾಯವಲ್ಲದ ಮಾತು. ಮುಂದೆ ಅವರು ಅದಕ್ಕಾಗಿ ವಿಷಾದಪಟ್ಟರು. ಹಣಬಲದಲ್ಲೂ ಸಮಾನತೆಯಿರಲಿಲ್ಲ. ಕೆನಡಿ ಕುಟುಂಬದ ಸ್ವಂತ ವಿಮಾನದೆದುರು ಹಂಫ್ರಿಯವರದು ಬಾಡಿಗೆಯ ಬಸ್ಸು. ಕೆನಡಿಯ ಕಡೆಯಿಂದ ಸ್ಥಳೀಯ ಮುಖಂಡರಿಗೆ ಹಣ ಹರಿಯಿತೆಂಬ ಆರೋಪ ಇಂದಿಗೂ ಅಳಿದಿಲ್ಲ.

ಇನ್ನೊಂದು ಕಡೆಯಲ್ಲೂ ಶುದ್ಧ ಕೈಗಳಿರಲಿಲ್ಲ. ಲಿಂಡನ್ ಜಾನ್ಸನ್ ಅಭ್ಯರ್ಥಿಯಾಗಬೇಕೆಂದು ಬಯಸಿದವರು, ಕೆನಡಿಯನ್ನು ತಡೆಯುವ ಸಲುವಾಗಿಯೇ ಹಂಫ್ರಿಗೆ ಮತ ಹಾಕಿರೆಂದು ಹೇಳಿದರು. ಆ ರಾಜ್ಯದ ಸೆನೆಟರ್ ರಾಬರ್ಟ್ ಬರ್ಡ್ ಅವರಲ್ಲೊಬ್ಬರು. ಒಳ್ಳೆಯ ಮನುಷ್ಯನೊಬ್ಬ ಬೇರೆಯವರ ಆಟದ ಕಾಯಿಯೂ ಆದ.

ಒಡಕು ಮುಚ್ಚಿದ್ದು ಹೇಗೆ?

ಜುಲೈ 13ರಂದು ಲಾಸ್ ಏಂಜಲಿಸ್ ಮಹಾಧಿವೇಶನದಲ್ಲಿ ಕೆನಡಿ ಮೊದಲ ಸುತ್ತಿನಲ್ಲೇ 806 ಮತ ಪಡೆದು ಅಭ್ಯರ್ಥಿಯಾದರು. 409 ಮತ ಪಡೆದ ಎದುರಾಳಿ ಜಾನ್ಸನ್ನರನ್ನೇ ಉಪಾಧ್ಯಕ್ಷ ಸ್ಥಾನಕ್ಕೆ ಜೊತೆಗೂಡಿಸಿಕೊಂಡರು. ಸೆಪ್ಟೆಂಬರ್ 12ರಂದು ಹ್ಯೂಸ್ಟನ್ ನಗರದಲ್ಲಿ ಪ್ರೊಟೆಸ್ಟೆಂಟ್ ಬೋಧಕರ ಸಭೆಯ ಮುಂದೆ ನಿಂತು ಮತ್ತೊಮ್ಮೆ ಅವೇ ಪ್ರಶ್ನೆಗಳಿಗೆ ಉತ್ತರಿಸಿದರು. ಅಕ್ಟೋಬರಿನಲ್ಲಿ ಇನ್ನೊಂದು ಘಟನೆ ನಡೆಯಿತು. ಮಾರ್ಟಿನ್ ಲೂಥರ್ ಕಿಂಗ್ ಅವರು ಸೆರೆಯಲ್ಲಿದ್ದಾಗ ಕೆನಡಿ ಅವರ ಪತ್ನಿಗೆ ದೂರವಾಣಿಯಲ್ಲಿ ಸಾಂತ್ವನ ಹೇಳಿದರು. ಕಿಂಗ್ ಅವರ ತಂದೆ ಬ್ಯಾಪ್ಟಿಸ್ಟ್ ಬೋಧಕರು. ಕಥೋಲಿಕನೆಂಬ ಕಾರಣಕ್ಕೆ ಕೆನಡಿಗೆ ಮತವಿಲ್ಲವೆಂದಿದ್ದ ಅವರು ಬಹಿರಂಗವಾಗಿ ಮನಸ್ಸು ಬದಲಿಸಿದರು. ಬಣ್ಣದ ಕಾರಣಕ್ಕೆ ಬಾಳೆಲ್ಲ ಅವಮಾನ ಉಂಡವರಲ್ಲೂ ಇನ್ನೊಬ್ಬರ ಧರ್ಮದ ಬಗ್ಗೆ ಪೂರ್ವಗ್ರಹ ಇರಬಹುದು, ಒಂದು ದಯೆಯ ಕೆಲಸ ಅದನ್ನು ಕರಗಿಸಲೂಬಹುದು.

ನವೆಂಬರ್ 8ರ ಚುನಾವಣೆಯಲ್ಲಿ ಕೆನಡಿ ರಿಚರ್ಡ್ ನಿಕ್ಸನ್ನರನ್ನು ಸೋಲಿಸಿದ್ದು ಸುಮಾರು 1,13,000 ಮತಗಳ ಅಂತರದಿಂದ, ಅದೂ ಆರೂಮುಕ್ಕಾಲು ಕೋಟಿಗೂ ಹೆಚ್ಚು ಮತಗಳಲ್ಲಿ. ಗ್ಯಾಲಪ್ ಸಮೀಕ್ಷೆಯ ಪ್ರಕಾರ ಕಥೋಲಿಕರಲ್ಲಿ ಶೇಕಡಾ 78 ಮಂದಿ, ಪ್ರೊಟೆಸ್ಟೆಂಟರಲ್ಲಿ ಶೇಕಡಾ 38 ಮಂದಿ ಅವರಿಗೆ ಮತ ನೀಡಿದ್ದರು. ಗೋಡೆ ಬಿರುಕು ಬಿಟ್ಟಿತ್ತು, ಬಿದ್ದಿರಲಿಲ್ಲ. 1961ರ ಜನವರಿ 21ರಂದು ಕೆನಡಿ ಹೊರಡಿಸಿದ ಮೊದಲ ಆದೇಶ ಬಡವರಿಗೆ ಆಹಾರ ಹಂಚಿಕೆಯನ್ನು ಹೆಚ್ಚಿಸುವುದಾಗಿತ್ತು. ಅದೇ ಮೇ ತಿಂಗಳಲ್ಲಿ ಹೊಸ ಆಹಾರ ಚೀಟಿಗಳ ವಿತರಣೆ ಮೊದಲು ಆರಂಭವಾದದ್ದು ವೆಸ್ಟ್ ವರ್ಜೀನಿಯಾದ ಮ್ಯಾಕ್‌ಡೊವೆಲ್ ಜಿಲ್ಲೆಯಲ್ಲಿ. ಮತ ಕೇಳಲು ಹೋದಾಗ ಕಂಡ ಹಸಿವನ್ನು ಗೆದ್ದವರು ಮರೆಯಲಿಲ್ಲ.

ಹಂಫ್ರಿ? ಅವರು ಮುನಿಸಿಕೊಂಡು ಮನೆಯಲ್ಲಿ ಕೂರಲಿಲ್ಲ. ತಮ್ಮನ್ನು ಸೋಲಿಸಿದವರ ಆಡಳಿತಕ್ಕೆ ಸೆನೆಟಿನಲ್ಲಿ ಹೆಗಲು ಕೊಟ್ಟರು. 1964ರ ನಾಗರಿಕ ಹಕ್ಕುಗಳ ಕಾನೂನನ್ನು ಸೆನೆಟಿನಲ್ಲಿ ದಡ ಮುಟ್ಟಿಸಿದವರಲ್ಲಿ ಅವರೇ ಅಗ್ರಗಣ್ಯರು. 1965ರಲ್ಲಿ ಉಪಾಧ್ಯಕ್ಷರಾದರು.

ನಮ್ಮ ಮುಂದಿರುವ ಪ್ರಶ್ನೆ

ಗೋಡೆಗಳು ಒಂದು ಕಡೆ ಬಿದ್ದರೆ ಇನ್ನೊಂದು ಕಡೆ ಏಳುತ್ತವೆ. 2008ರಲ್ಲಿ ಅದೇ ಪಕ್ಷದೊಳಗೆ ಬರಾಕ್ ಒಬಾಮಾ, ಹಿಲರಿ ಕ್ಲಿಂಟನ್ ಇವರ ನಡುವಣ ಸ್ಪರ್ಧೆ ಜನವರಿಯಿಂದ ಜೂನ್‌ವರೆಗೆ ನಡೆದು, ಮತದಾರರು ವಯಸ್ಸು, ಬಣ್ಣ, ಲಿಂಗಗಳ ಗೆರೆಯಲ್ಲಿ ಒಡೆದರು. ಕೆನಡಿಯನ್ನು ಗೆಲ್ಲಿಸಿದ್ದ ಅದೇ ವೆಸ್ಟ್ ವರ್ಜೀನಿಯಾ ಈ ಬಾರಿ ಒಬಾಮಾರನ್ನು ಸುಮಾರು 41 ಅಂಶಗಳ ಅಂತರದಿಂದ ಸೋಲಿಸಿತು. ಬಣ್ಣವೂ ತಮ್ಮ ನಿರ್ಧಾರಕ್ಕೆ ಕಾರಣವೆಂದು ಒಪ್ಪಿಕೊಂಡ ಮತದಾರರು ಅಲ್ಲಿದ್ದರು. ಕ್ಲಿಂಟನ್ನರ ಅನುಭವವನ್ನು ಮೆಚ್ಚಿ ಮತ ಹಾಕಿದವರೂ ಇದ್ದರು. ಇನ್ನೊಂದು ಕಡೆ, 2020ರಲ್ಲಿ ಕಥೋಲಿಕರಾದ ಜೋ ಬೈಡನ್ ಗೆದ್ದಾಗ ಪೋಪರ ಭಯವನ್ನು ಯಾರೂ ಎತ್ತಲಿಲ್ಲ. ಕಥೋಲಿಕ ಮತದಾರರೇ ಹೆಚ್ಚುಕಡಿಮೆ ಅರ್ಧಕ್ಕರ್ಧ ಹಂಚಿಹೋದರು.

ಓದುಗರೇ, ಈ ಕಥೆಯಲ್ಲಿ ಎರಡು ಪರೀಕ್ಷೆಗಳಿವೆ. ಮೊದಲನೆಯದು ನಮಗೆ ತಿಳಿದದ್ದೇ: ಬೇರೆಯವನೆಂಬ ಕಾರಣಕ್ಕೆ ಒಬ್ಬನನ್ನು ತಿರಸ್ಕರಿಸುತ್ತೇವೆಯೇ? ಎರಡನೆಯದು ನಮ್ಮಂಥ ಸಣ್ಣ ಸಮುದಾಯದವರಿಗೆ ಹೆಚ್ಚು ಕಷ್ಟದ್ದು: ನಮ್ಮವನೆಂಬ ಕಾರಣಕ್ಕೇ ಒಬ್ಬನನ್ನು ಆರಿಸುತ್ತೇವೆಯೇ? ವಿಸ್ಕಾನ್ಸಿನ್ನಿನ ಕಥೋಲಿಕ ಮತದಾರ ಕೆನಡಿಗೆ ಮತ ಹಾಕಿದ್ದು ಅಭಿಮಾನದಿಂದ. ಶತಮಾನದ ಅವಮಾನ ಉಂಡವನಿಗೆ ಆ ಅಭಿಮಾನ ಸಹಜ. ಆದರೆ ಅದೇ ಅಳತೆಗೋಲನ್ನು ಬಹುಸಂಖ್ಯಾತ ನೆರೆಯವನು ಹಿಡಿದರೆ ನಾವು ಅದನ್ನು ಅನ್ಯಾಯವೆನ್ನುತ್ತೇವೆ. ನಮಗೆ ಸಲ್ಲುವುದು ಅವನಿಗೂ ಸಲ್ಲಬೇಕು, ಇಲ್ಲವೇ ಇಬ್ಬರಿಗೂ ಸಲ್ಲಬಾರದು.

ಮುಂದಿನ ಚುನಾವಣೆ ಬಂದಾಗ, ಊಟದ ಹೊತ್ತಿನಲ್ಲಿ ಮನೆಯವರೆಲ್ಲ ಕೂತು ಅಭ್ಯರ್ಥಿಗಳ ಬಗ್ಗೆ ಮಾತನಾಡಿಕೊಳ್ಳಿ. ಯಾರು ನಮ್ಮವರು ಎಂಬ ಪ್ರಶ್ನೆ ಬರುವುದಕ್ಕೆ ಮುಂಚೆ, ಹಸಿದವರ ಕೆಲಸ ಯಾರು ಮಾಡಿದ್ದಾರೆಂದು ಮಕ್ಕಳು ಕೇಳುವಂತಾಗಲಿ. ನಿಮಗೆ ಒಪ್ಪದ ಅಭ್ಯರ್ಥಿಯನ್ನು ಮೆಚ್ಚಿದ ನೆರೆಯವರಿಗೆ ದ್ವೇಷಿಯೆಂಬ ಹೆಸರಿಡುವ ಮುನ್ನ, ಅವರ ಕಾರಣವನ್ನು ಅವರ ಬಾಯಿಂದಲೇ ಕೇಳಿರಿ. 1960ರ ವಸಂತದಲ್ಲಿ ಹ್ಯೂಬರ್ಟ್ ಹಂಫ್ರಿಯವರಿಗೆ ಮತ ಹಾಕಿದ 1,52,000ಕ್ಕೂ ಹೆಚ್ಚು ಮಂದಿಯಲ್ಲಿ ಎಷ್ಟೋ ಜನಕ್ಕೆ ಆ ಅವಕಾಶ ಸಿಗಲೇ ಇಲ್ಲ.