ಕಾಲ ಕೆಳಗಿನ ಪುರಾಣ

ನಮ್ಮ ಬಳಗವು ತಿಂಗಳಿಗೊಮ್ಮೆ ಸೇರುತ್ತಿದ್ದ ಡೊಂಬಿವಲಿಯ ಹಳೆಯ ಕಟ್ಟಡವನ್ನು ಕಳೆದ ವರ್ಷ ಕೆಡವಿದರು. ಅದರ ನೆಲಕ್ಕೆ ಹಾಸಿದ್ದು ಬೂದುಬಣ್ಣದ ಶಹಾಬಾದಿ ಫರಶಿ. ಕಲಬುರಗಿಯ ಕಡೆಯಿಂದ ಬಂದ ಆ ಹಾಸುಗಲ್ಲಿನ ಮೇಲೆ ಕುಳಿತು ನಾವು ಪಂಪನಿಂದ ಬೇಂದ್ರೆಯವರವರೆಗೆ ಚರ್ಚಿಸಿದೆವು. ಕಲ್ಲಿನ ಕಾಲವನ್ನು ಮಾತ್ರ ವಿಚಾರಿಸಲಿಲ್ಲ. ಈಗ ವಿಚಾರಿಸಲು ಹೊರಟರೆ, ಭೂವಿಜ್ಞಾನಿಗಳು ಕಾಲವನ್ನು ವಿಭಾಗಿಸಿದ ಬಗೆಯನ್ನೇ ಮೊದಲು ಅರಿಯಬೇಕಾಗುತ್ತದೆ.

ಭೂಮಿಯ ವಯಸ್ಸು ಸುಮಾರು 450 ಕೋಟಿ ವರ್ಷ. ಈ ಅವಧಿಯನ್ನು ಅವರು ಇಯಾನ್, ಎರಾ, ಪೀರಿಯಡ್, ಎಪಕ್ ಎಂದು ಒಂದರೊಳಗೊಂದಾಗಿ ಒಡೆದಿದ್ದಾರೆ. ನಾವು ಇವನ್ನು ಕ್ರಮವಾಗಿ ಮಹಾಕಲ್ಪ, ಕಲ್ಪ, ಯುಗ, ಉಪಯುಗ ಎನ್ನೋಣ. ನಮ್ಮ ಪಂಚಾಂಗದ ಯುಗಗಳಿಗೆ ಲೆಕ್ಕ ಮೊದಲು ಬಂತು. ಇಲ್ಲಿ ಹಾಗಲ್ಲ, ಇಲ್ಲಿ ಮೊದಲು ಬಂದದ್ದು ಕ್ರಮ. ಕೆಳಗಿನ ಪದರ ಹಳೆಯದು, ಮೇಲಿನದು ಹೊಸದು ಎಂಬ ಸರಳ ಸೂತ್ರವನ್ನು ಸ್ಟೆನೊ 1669ರಲ್ಲಿ ಹೇಳಿದನು. ಇಂಗ್ಲೆಂಡಿನಲ್ಲಿ ಕಾಲುವೆಗಳ ಅಳತೆ ಮಾಡುತ್ತಿದ್ದ ವಿಲಿಯಂ ಸ್ಮಿತ್, ಒಂದೊಂದು ಪದರಕ್ಕೂ ಅದರದೇ ಆದ ಪಳೆಯುಳಿಕೆಗಳಿರುವುದನ್ನು ಗುರುತಿಸಿದನು. ಅವನ ಸೋದರಳಿಯ ಜಾನ್ ಫಿಲಿಪ್ಸ್ 1841ರಲ್ಲಿ, ಜೀವಿಗಳು ಗುಂಪುಗುಂಪಾಗಿ ಅಳಿದ ಎಡೆಗಳನ್ನೇ ಗಡಿಗಳೆಂದು ಹಿಡಿದು, ಪ್ರಾಚೀನ, ಮಧ್ಯ, ನೂತನ ಎಂಬ ಮೂರು ಜೀವಕಲ್ಪಗಳನ್ನು ವಿಂಗಡಿಸಿದನು. ಈ ಕ್ರಮಕ್ಕೆ ವರ್ಷಗಳ ಲೆಕ್ಕ ಕೂಡಿದ್ದು 20ನೇ ಶತಮಾನದಲ್ಲಿ, ವಿಕಿರಣದಿಂದ ಕಲ್ಲಿನ ವಯಸ್ಸು ಅಳೆಯುವ ವಿಧಾನ ಬಂದ ಮೇಲೆ. ಅರಸರ ವಂಶಾವಳಿ ಮೊದಲು ದೊರೆತು, ಶಕವರ್ಷಗಳು ಶಾಸನಗಳಿಂದ ಆಮೇಲೆ ದೊರೆತಂತೆ.

ಈ ಗಡಿಗಳಲ್ಲಿ ಅತ್ಯಂತ ಪ್ರಸಿದ್ಧವಾದುದರ ಆಸುಪಾಸಿನಲ್ಲಿಯೇ ನಾವು ದಿನವೂ ರೈಲು ಹತ್ತಿ ಇಳಿಯುತ್ತೇವೆ. 1916ರಲ್ಲಿ ತೆರೆದ ಪಾರಸಿಕ್ ಸುರಂಗವು ಸುಮಾರು 1.3 ಕಿಲೊಮೀಟರು ಉದ್ದಕ್ಕೆ ಕೊರೆದು ಸಾಗುವುದು ದಖನ್ನಿನ ಕಪ್ಪು ಶಿಲೆಯನ್ನು. ಲಾವಾ ಮತ್ತೆ ಮತ್ತೆ ಹರಿದು, ಆರಿ, ಮೆಟ್ಟಿಲು ಮೆಟ್ಟಿಲಾಗಿ ನಿಂತ ಈ ಶಿಲೆ ಇಂದಿಗೂ ಸುಮಾರು 5 ಲಕ್ಷ ಚದರ ಕಿಲೊಮೀಟರು ಹರಡಿಕೊಂಡಿದೆ. ವಿಜಯಪುರದ ಗೋಳಗುಮ್ಮಟವೂ ಇದೇ ಕಲ್ಲಿನದು. ಅಲ್ಲಿಯ ಎರೆಮಣ್ಣು ಈ ಕಲ್ಲು ಕರಗಿ ಆದದ್ದು. ಈ ಪ್ರವಾಹಗಳ ಕಾಲ 6.6 ಕೋಟಿ ವರ್ಷಗಳ ಹಿಂದುಮುಂದು. ಡೈನೊಸಾರ್‌ಗಳು ಅಳಿದು ಮಧ್ಯಜೀವಕಲ್ಪ ಮುಗಿದದ್ದೂ ಆಗಲೇ. ಆ ಅಳಿವಿಗೆ ಆಕಾಶದಿಂದ ಬಿದ್ದ ಬಂಡೆಯೆಷ್ಟು ಹೊಣೆ, ನಮ್ಮ ಈ ಲಾವಾ ಎಷ್ಟು ಹೊಣೆ ಎಂಬ ವಾದ ಇನ್ನೂ ನಡೆದಿದೆ. ಮುಂಬಯಿಯ ವರಳಿ ಗುಡ್ಡದಲ್ಲಿ ಲಾವಾದ ಪದರಗಳ ನಡುವಿನ ಕೆಸರುಗಲ್ಲಿನಲ್ಲಿ ದೊರೆತ ಪುಟ್ಟ ಕಪ್ಪೆಯೊಂದನ್ನು ರಿಚರ್ಡ್ ಓವೆನ್ 1847ರಲ್ಲಿ ವರ್ಣಿಸಿದನು. ಎರಡು ಅಗ್ನಿಪ್ರವಾಹಗಳ ನಡುವೆ ಕೆರೆಗಳಿದ್ದವು, ಅವುಗಳಲ್ಲಿ ಕಪ್ಪೆಗಳಿದ್ದವು ಎಂಬುದಕ್ಕೆ ಅದು ಸಾಕ್ಷಿ.

ಯುಗಗಳ ಹೆಸರುಗಳೋ ಬಹುಮಟ್ಟಿಗೆ ಯುರೋಪಿನವು: ಡೆವನ್‌ನಿಂದ ಡೆವೋನಿಯನ್, ಜೂರಾ ಬೆಟ್ಟದಿಂದ ಜುರಾಸಿಕ್. ಭಾರತದ ಶಿಲೆಗಳು ಆ ಅಚ್ಚಿಗೆ ಸರಿಹೊಂದುವುದಿಲ್ಲವೆಂದು ಕಂಡ ಥಾಮಸ್ ಹಾಲೆಂಡ್, 20ನೇ ಶತಮಾನದ ಆರಂಭದಲ್ಲಿ ಇಲ್ಲಿಗೆ ಬೇರೆಯೇ ಹೆಸರುಗಳನ್ನು ಸೂಚಿಸಿದನು: ಆರ್ಕಿಯನ್, ಪುರಾಣ, ದ್ರಾವಿಡ, ಆರ್ಯ. ಕೊನೆಯ ಎರಡು ಮರೆಯಾದವು. ‘ಪುರಾಣ’ ಮಾತ್ರ ಉಳಿಯಿತು. ಬಾದಾಮಿಯ ಗುಹೆಗಳನ್ನು ಕೊರೆದ ಕಲಾದಗಿಯ ಮರಳುಗಲ್ಲು ಪುರಾಣ. ಭೀಮಾ ತೀರದ ಸುಣ್ಣಗಲ್ಲು ಪುರಾಣ. ಎಂದರೆ ನಾವು ಕುಳಿತಿದ್ದ ಶಹಾಬಾದಿ ಫರಶಿಯೂ ಪುರಾಣವೇ! ಕೇಂಬ್ರಿಯನ್ ಯುಗಕ್ಕಿಂತ, ಎಂದರೆ ಸುಮಾರು 54 ಕೋಟಿ ವರ್ಷಗಳಿಗಿಂತ, ಹಳೆಯದು. ಕಟ್ಟಡದ ತಳಪಾಯ ನಿಂತಿದ್ದ ಬಂಡೆಗಿಂತ ಅದರ ನೆಲಹಾಸು ಹತ್ತಾರು ಕೋಟಿ ವರ್ಷ ಹಿರಿದು. ಪದರಗಳ ನಿಯಮವನ್ನು ಮನುಷ್ಯ ತಲೆಕೆಳಗು ಮಾಡಿದ್ದನು.

ಈ ತಲೆಕೆಳಗು ಈಗ ಚಿಕ್ಕದಾಗಿ ಉಳಿದಿಲ್ಲ. ನವಿ ಮುಂಬಯಿಯ ವಿಮಾನ ನಿಲ್ದಾಣಕ್ಕಾಗಿ ಉಲ್ವೆಯ ಗುಡ್ಡವನ್ನು ಸಿಡಿಸಿ ಸಮಗೊಳಿಸಿದರು, ನದಿಯ ಪಾತ್ರವನ್ನೇ ತಿರುಗಿಸಿದರು. ಪಾರಸಿಕ್ ಬೆಟ್ಟದ ಪಕ್ಕೆಗಳಲ್ಲಿ ಗಣಿಗಳ ಗಾಯಗಳಿವೆ. ಇಂಥ ಕೆಲಸಗಳಿಗೆ ಕೈಹಾಕಿದವರಲ್ಲಿ ಕಲಬುರಗಿ, ಯಾದಗಿರಿಗಳಿಂದ ಗುಳೆ ಬಂದ ನಮ್ಮವರೂ ಇದ್ದಾರೆ. ಆ ಜಲ್ಲಿಯಿಂದೆದ್ದ ಮನೆಗಳಲ್ಲಿ ನಾವಿದ್ದೇವೆ. ದೂರಲು ನಮಗೆ ಬಾಯಿಲ್ಲ. ಮನುಷ್ಯನ ಹೆಸರಿನಲ್ಲಿ ‘ಆಂಥ್ರೊಪೊಸೀನ್’ ಎಂಬ ಹೊಸ ಉಪಯುಗವನ್ನು ಸಾರಬೇಕೆಂಬ ಸೂಚನೆಯನ್ನು ಭೂವಿಜ್ಞಾನಿಗಳು 2024ರ ಮಾರ್ಚ್‌ನಲ್ಲಿ ತಿರಸ್ಕರಿಸಿದರು. ನಾವಿರುವುದು ಇನ್ನೂ ಹೊಲೊಸೀನ್ ಉಪಯುಗದಲ್ಲಿ. ಅದರಲ್ಲಿಯೂ 4,200 ವರ್ಷಗಳ ಹಿಂದಿನ ಬರಗಾಲದಿಂದ ಮೊದಲಾಗುವ ಭಾಗದಲ್ಲಿ. ಮೇಘಾಲಯದ ಮಾಮ್ಲುಹ್ ಗುಹೆಯ ಸುಣ್ಣದ ಕಂಬದಲ್ಲಿ ಅದರ ಗಡಿಯನ್ನು ಗುರುತಿಸಿ, 2018ರಲ್ಲಿ ‘ಮೇಘಾಲಯನ್’ ಎಂದು ಹೆಸರಿಟ್ಟರು.

ಹೆಸರು ಸಿಗಲಿ ಬಿಡಲಿ, ಪದರವನ್ನಂತೂ ನಾವು ಬಿಟ್ಟು ಹೋಗುತ್ತಿದ್ದೇವೆ. ಕೆಡವಿದ ಕಟ್ಟಡದ ಫರಶಿಗಳೆಲ್ಲ ಖಾಡಿಯ ದಂಡೆಗೆ ಭರ್ತಿಗೆ ಹೋದವೆಂದು ಕೇಳಿದೆವು. ಮುಂದೆಂದಾದರೂ ಅಲ್ಲಿ ಅಗೆದವರಿಗೆ, ಕೆಸರಿನ ಮೇಲೆ ಸಿಮೆಂಟು, ಪ್ಲಾಸ್ಟಿಕ್ಕು, ಅವುಗಳ ನಡುವೆ ಭೀಮಾ ತೀರದ ಪುರಾಣ ದೊರೆತೀತು. ಆ ಕಲ್ಲು ಇಲ್ಲಿಗೆ ಹೇಗೆ ಬಂತೆಂದು ಅವರು ಬೆರಗಾದಾರು. ಜೊತೆಯಲ್ಲಿ ನಾವೂ ಬಂದಿದ್ದೆವು ಎಂಬುದನ್ನು ಯಾವ ಪದರವೂ ಹೇಳಲಾರದು. ಅದನ್ನು ನಾವೇ ಬರೆದಿಡಬೇಕು.